ಒಂದು ಹಗಲಿನ ಕಾಲ್ನಡಿಗೆ

ಭಾನುವಾರದ ಹಿಂದಿನ ರಾತ್ರಿ ನಮ್ಮ ನಗರದ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುವುದುಂಟು. ನಾಳೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಪ್ರಕೃತಿಯನ್ನು ನೋಡಬೇಕೆಂಬ ಆಸೆ ಎಲ್ಲರಿಗೂ ಇದೆ. ಆದರೆ ಪ್ರಕೃತಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಜೋಗದ ಜಲಪಾತ, ಆಗುಂಬೆಯ ಸೂರ್ಯಾಸ್ತ, ಕೊಡಗಿನ ಮಂಜು. ಇವು ಯಾವುವೂ ಒಂದು ಹಗಲಿನ ಅಳವಿಗೆ ಸಿಕ್ಕತಕ್ಕವಲ್ಲ. ನಂದಿಬೆಟ್ಟ ಹತ್ತಿರವೇನೋ ಹೌದು. ಆದರೆ ಊರಿನ ಅರ್ಧ ಜನ ಅದೇ ಯೋಚನೆ ಮಾಡಿ ಅದೇ ಮುಂಜಾನೆ ಅಲ್ಲಿಗೆ ಹೊರಟಿರುತ್ತಾರಾದುದರಿಂದ, ಮಕ್ಕಳು ಬೆಟ್ಟಕ್ಕಿಂತ ಹೆಚ್ಚು ಹೊತ್ತು ನೋಡುವುದು ಮುಂದಿನ ಮೋಟಾರಿನ ಬೆನ್ನನ್ನು. ಸಂಜೆ ದಣಿದು ಹಿಂದಿರುಗಿ, ಇನ್ನಾರು ತಿಂಗಳು ಈ ಸುದ್ದಿಯೇ ಬೇಡವೆಂದು ನಿಶ್ಚಯಿಸಿ ಮಲಗುತ್ತೇವೆ.

ಈ ಹೊತ್ತು ನಾವು ಹೇಳಬೇಕೆಂದಿರುವ ಮಾತು ಸರಳವಾದುದು. ಮನೆಮಂದಿಯೆಲ್ಲ ಕೂಡಿ ಒಂದು ಹಗಲು ನಡೆದಾಡಿ ಬರುವುದಕ್ಕೆ ಬೇಕಾದ ನಿಸರ್ಗ ನಮ್ಮ ಹೊಸ್ತಿಲಿನ ಹೊರಗೇ ಆರಂಭವಾಗುತ್ತದೆ. ಅದಕ್ಕೆ ದಾರಿ ತೋರಿಸಲು ಒಂದೇ ಪ್ರಶ್ನೆ ಸಾಕು: ನಮ್ಮ ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೊರಟರೆ, ವರ್ಷದ ಅನೇಕ ಭಾನುವಾರಗಳಿಗೆ ಸಾಲುವಷ್ಟು ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ದೃಷ್ಟಾಂತಕ್ಕಾಗಿ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮೈಸೂರು ರಸ್ತೆಗೆ ಸೇರಿದಂತಿರುವ ದೀಪಾಂಜಲಿ ನಗರವನ್ನು ತೆಗೆದುಕೊಳ್ಳೋಣ. ಅದು ಉದ್ಯಾನಗಳಿಗಾಗಲಿ ಸರೋವರಗಳಿಗಾಗಲಿ ಹೆಸರಾದ ಬಡಾವಣೆಯಲ್ಲ. ಆದುದರಿಂದಲೇ ಅದು ಒಳ್ಳೆಯ ದೃಷ್ಟಾಂತ. ಅಲ್ಲಿ ಸಾಧ್ಯವಾದುದು ಬೇರೆ ಬಡಾವಣೆಗಳಲ್ಲಿಯೂ ಸಾಧ್ಯವೆನ್ನಬಹುದು.

ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗುವುದು ನಮಗೆ ಹೊಸತೇನೂ ಅಲ್ಲ. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ಎಲೆ ಹಾಕಿ ಊಟ ಮಾಡುವ ವನಭೋಜನದ ಸಂಪ್ರದಾಯವನ್ನು ನಮ್ಮ ಹಿರಿಯರು ಇಟ್ಟುಕೊಂಡಿದ್ದರು. ಮಳೆ ಹಿಂದೆಗೆದು, ನೆಲ ಇನ್ನೂ ಹಸುರಾಗಿದ್ದು, ಬಿಸಿಲು ಎಳೆಯದಾಗಿರುವ ಕಾಲವನ್ನೇ ಅದಕ್ಕೆ ಗೊತ್ತುಮಾಡಿದ್ದು ವಿವೇಕದ ಮಾತು. ಪೂಜೆಯ ಭಾಗವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ವರ್ಷಕ್ಕೊಮ್ಮೆಯಾದರೂ ಅಡುಗೆಯ ಮನೆಯನ್ನು ಮರದ ನೆರಳಿಗೆ ಸಾಗಿಸಬೇಕೆಂಬ ಉಪಾಯವನ್ನು ಯಾರೂ ಬಿಡಬೇಕಾಗಿಲ್ಲ.

ಈ ಬಯಕೆ ನಮಗೊಬ್ಬರಿಗೇ ಇರುವುದೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದ ಸುತ್ತಿನ ದುಡಿಯುವ ಜನ 1932ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ, ಭೂಮಾಲೀಕರು ಬೇಲಿ ಹಾಕಿಟ್ಟಿದ್ದ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಗುಂಪಾಗಿ ಹತ್ತಿದರು. ಅವರಲ್ಲಿ ಕೆಲವರು ಸೆರೆಮನೆಯನ್ನೂ ಕಂಡರು. ವಾರವೆಲ್ಲ ಯಂತ್ರದ ಮುಂದೆ ನಿಂತವರಿಗೆ ಒಂದು ದಿನ ಬೆಟ್ಟದ ಗಾಳಿ ಬೇಕೆಂಬುದೇ ಅವರ ಬೇಡಿಕೆಯಾಗಿತ್ತು. ಅವರು ಸೆರೆಗೆ ಹೋಗಿ ಪಡೆಯಬೇಕಾದುದನ್ನು ನಾವು ಚಪ್ಪಲಿ ಮೆಟ್ಟಿ ಪಡೆಯಬಹುದಾಗಿದೆ.

ಹೊರಡುವ ಮೊದಲು ನೆಲದ ಬಗೆಯನ್ನು ಸ್ವಲ್ಪ ತಿಳಿಯತಕ್ಕದ್ದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತಿದೆ. ಪೂರ್ವದ ಇಳಿಜಾರಿನಲ್ಲಿ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೂ, ಪಶ್ಚಿಮದ ಇಳಿಜಾರಿನಲ್ಲಿ ಬಿದ್ದುದು ಅರ್ಕಾವತಿಯ ಕಡೆಗೂ ಹರಿಯುತ್ತದೆ. ದೀಪಾಂಜಲಿ ನಗರ ಇರುವುದು ಪಶ್ಚಿಮದ ಇಳಿಜಾರಿನಲ್ಲಿ, ವೃಷಭಾವತಿಯ ಕಣಿವೆಯಲ್ಲಿ. ಅಲ್ಲಿಯ ಮಾಳಿಗೆಯ ನೀರು ಮೊದಲು ಮೋರಿಗೆ, ಮೋರಿಯಿಂದ ವೃಷಭಾವತಿಗೆ, ವೃಷಭಾವತಿಯಿಂದ ಅರ್ಕಾವತಿಗೆ, ಕಡೆಗೆ ಕನಕಪುರದ ಆಚೆ ಸಂಗಮವೆಂಬಲ್ಲಿ ಕಾವೇರಿಗೆ ಸೇರಬೇಕು. ಇಷ್ಟನ್ನು ಮಕ್ಕಳಿಗೆ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರೆ ಮೊದಲನೆಯ ಪಾಠ ಮುಗಿಯಿತು. ಇನ್ನು ನಡೆಯುವುದಷ್ಟೆ.

ಮೊದಲನೆಯ ನಡಿಗೆ ಹೊಳೆಯ ಮೂಲದ ಕಡೆಗೆ. ಇದು ಅರ್ಧ ದಿನದ್ದು. ಹೋಗುವ ದಾರಿ ನಾಲ್ಕೈದು ಕಿಲೋಮೀಟರಿಗೆ ಮೀರುವುದಿಲ್ಲ. ಮೈಸೂರು ರಸ್ತೆಯನ್ನು ಹಿಡಿದು ಪೂರ್ವಕ್ಕೆ ಹೊರಟರೆ ಗಾಳಿ ಆಂಜನೇಯನ ದೇವಸ್ಥಾನ ಸಿಕ್ಕುತ್ತದೆ. ವ್ಯಾಸರಾಯರು ಪ್ರತಿಷ್ಠೆ ಮಾಡಿದರೆಂದು ಪ್ರಸಿದ್ಧವಾದ ಈ ಗುಡಿ ಹಿಂದೆ ಎರಡು ತೊರೆಗಳು ಕೂಡುವ ಸ್ಥಳದಲ್ಲಿತ್ತೆಂದು ಹೇಳುತ್ತಾರೆ. ಇಂದು ಅಲ್ಲಿ ನಿಂತವರಿಗೆ ಕೇಳುವುದು ವಾಹನಗಳ ಸದ್ದು ಮಾತ್ರ. ಆದರೂ ದೇವಸ್ಥಾನವನ್ನು ಅಲ್ಲಿಯೇ ಏಕೆ ಕಟ್ಟಿದರೆಂದು ಮಕ್ಕಳನ್ನು ಕೇಳಿ ನೋಡಬಹುದು. ನೀರಿದ್ದ ಕಡೆ ಗುಡಿಯೂ, ಗುಡಿಯಿದ್ದ ಕಡೆ ದಾರಿಯೂ ಬಂದುವೆಂಬುದನ್ನು ಅವರೇ ಊಹಿಸಬಲ್ಲರು.

ಅಲ್ಲಿಂದ ಆಗ್ನೇಯಕ್ಕೆ ತಿರುಗಿ ಮೇಲೇರಿದರೆ ಕೆಂಪಾಂಬುಧಿ ಕೆರೆ. ಅದರ ಬಳಿಯಲ್ಲಿ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು ನಿಂತಿದೆ. ಲಾಲ್‌ಬಾಗಿನ ಬಂಡೆಯ ಮೇಲಿನದು, ಹಲಸೂರಿನದು, ಮೇಖ್ರಿ ವೃತ್ತದ ಹತ್ತಿರದ್ದು ಉಳಿದ ಮೂರು. ಊರು ಬೆಳೆದರೆ ಇಷ್ಟು ಬೆಳೆದೀತೆಂದು ಈ ಗೋಪುರಗಳನ್ನು ಎಲ್ಲೆಗಳಾಗಿ ನಿಲ್ಲಿಸಿದರೆಂಬುದು ಜನರ ಮಾತು. ದೀಪಾಂಜಲಿ ನಗರದ ಮಕ್ಕಳು ಆ ಎಲ್ಲೆಯ ಹೊರಗಿನಿಂದ ನಡೆದು ಬಂದವರೆಂಬುದನ್ನು ಕೇಳಿ ನಗುವರು. ಸಮೀಪದಲ್ಲಿಯೇ ಗವಿಪುರದ ಗಂಗಾಧರೇಶ್ವರನ ಗುಹಾಲಯವಿದೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುವುದು ಇಲ್ಲಿಯೇ. ಅಲ್ಲಿಂದ ಇನ್ನೊಂದು ಏರು ಹತ್ತಿದರೆ ಬಸವನಗುಡಿಯ ದೊಡ್ಡ ಬಸವ, ಅದರ ಪಕ್ಕದಲ್ಲಿ ಕಹಳೆ ಬಂಡೆ. ಬಸವನ ಪಾದದಲ್ಲಿ ಹುಟ್ಟಿದ ತೊರೆಯಾದುದರಿಂದ ವೃಷಭಾವತಿಯೆಂದು ಹೆಸರಾಯಿತೆನ್ನುತ್ತಾರೆ. ಮಲ್ಲೇಶ್ವರದ ಕಡೆಯಿಂದ ಇಳಿಯುವ ಇನ್ನೊಂದು ಕವಲೂ ಅದಕ್ಕುಂಟು. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯ ಹೊತ್ತಿಗೆ ಈ ನಡಿಗೆಯನ್ನು ಇಟ್ಟುಕೊಂಡರೆ ಮಕ್ಕಳ ಕಾಲುಗಳಿಗೆ ಹುರುಪು ತಾನಾಗಿ ಬರುತ್ತದೆ.

ಕಹಳೆ ಬಂಡೆಯ ಮೇಲೆ ಕುಳಿತಾಗ ಕೆಳಗಿನ ಕಲ್ಲನ್ನು ಒಮ್ಮೆ ಬಗ್ಗಿ ನೋಡತಕ್ಕದ್ದು. ಕರಿಯ ಬಿಳಿಯ ಪಟ್ಟೆಗಳು ಹೆಣೆದುಕೊಂಡಿರುವ ಈ ಶಿಲೆಗೆ ನೈಸ್ ಎಂದು ಹೆಸರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್ ಎಂಬವರು ಇದನ್ನು ಪರ್ಯಾಯ ದ್ವೀಪದ ನೈಸ್ ಎಂದು ಕರೆದರು. ಲೋಕದ ವಿಜ್ಞಾನಿಗಳು ಇಂದಿಗೂ ಆ ಹೆಸರನ್ನೇ ಬಳಸುತ್ತಾರೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಹಿಮಾಲಯ ಇದರ ಮುಂದೆ ನೆನ್ನೆ ಮೊನ್ನೆಯ ಕೂಸು. ಅಷ್ಟು ಹಳೆಯದೊಂದು ವಸ್ತು ಮನೆಯಿಂದ ಒಂದೂವರೆ ಗಂಟೆಯ ನಡಿಗೆಯಲ್ಲಿದ್ದು, ಅದರ ಮೇಲೆ ಕುಳಿತು ಕಡಲೆಕಾಯಿ ತಿನ್ನಬಹುದೆಂಬುದು ಸಣ್ಣ ಭಾಗ್ಯವಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. "ನೀವು ಹೊಳೆಯೆಂದು ಹೇಳುತ್ತೀರಿ, ನಮಗೆ ಕಾಣುವುದು ಕರಿಯ ನೀರಿನ ಚರಂಡಿ. ಮೂಗು ಮುಚ್ಚಿಕೊಂಡು ದಾಟುವ ಜಾಗವನ್ನು ಮಕ್ಕಳಿಗೆ ತೋರಿಸುವುದೆ?" ಆಕ್ಷೇಪಣೆಯಲ್ಲಿ ಸತ್ಯವಿದೆ. ವೃಷಭಾವತಿ ಇಂದು ನಗರದ ಕೊಳಚೆಯನ್ನೂ ಕಾರ್ಖಾನೆಗಳ ಕಶ್ಮಲವನ್ನೂ ಹೊತ್ತು ನೊರೆಗರೆಯುತ್ತ ಹರಿಯುತ್ತದೆ. ಅದರ ದಡದಲ್ಲಿ ಕುಳಿತು ಊಟ ಮಾಡಿರೆಂದು ನಾವು ಹೇಳುವುದಿಲ್ಲ. ಆದರೆ ಸೇತುವೆಯ ಮೇಲೆ ಎರಡು ನಿಮಿಷ ನಿಂತು ನೋಡಿರೆಂದು ಖಂಡಿತವಾಗಿಯೂ ಹೇಳುತ್ತೇವೆ.

ಏಕೆಂದರೆ ಆ ನೀರು ಪರರದಲ್ಲ. ನಗರದ ನಲ್ಲಿಗಳಿಗೆ ಕಾವೇರಿಯ ನೀರು ಬರತೊಡಗಿದುದು 1974ರಲ್ಲಿ. ಅದಕ್ಕೆ ಮೊದಲು ಹೆಸರಘಟ್ಟದ ಕೆರೆಯೂ, 1933ರಲ್ಲಿ ಕಟ್ಟಿ ಮುಗಿಸಿದ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಊರಿಗೆ ನೀರೂಡಿದವು. ಇವೆರಡೂ ಅರ್ಕಾವತಿಯವೇ. ಇಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಹಂತಗಳಲ್ಲಿ ನೀರನ್ನು ಯಂತ್ರಗಳು ಮೇಲೆತ್ತಿ ತರುತ್ತವೆ. ಹೀಗೆ ಅಪಾರ ಶ್ರಮದಿಂದ ಬೆಟ್ಟ ಹತ್ತಿಸಿ ತಂದ ಕಾವೇರಿಯಲ್ಲಿ ನಾವು ಪಾತ್ರೆ ತೊಳೆದು, ಬಟ್ಟೆ ಒಗೆದು, ವೃಷಭಾವತಿಗೆ ಚೆಲ್ಲುತ್ತೇವೆ. ಅದು ಬಿಡದಿಯ ಹತ್ತಿರದ ಬೈರಮಂಗಲದ ಬಯಲನ್ನು ಮುಟ್ಟಿ, ಅರ್ಕಾವತಿಯನ್ನು ಕೂಡಿ, ಮತ್ತೆ ಕಾವೇರಿಗೇ ಇಳಿಯುತ್ತದೆ. ಬೈರಮಂಗಲದ ಕೆರೆಯನ್ನು 1940ರ ದಶಕದಲ್ಲಿ ಕಟ್ಟಿದ್ದು ಹೊಲಗಳಿಗೆ ಹೊಳೆಯ ನೀರನ್ನು ಕೊಡುವುದಕ್ಕಾಗಿ. ಅಲ್ಲಿಯ ರೈತರ ಪಾಲಿಗೆ ವರ್ಷವರ್ಷವೂ ಬಂದುದು ನಮ್ಮ ಬಚ್ಚಲಿನ ನೀರು.

ಈ ಸುತ್ತನ್ನು ಹತ್ತು ವರ್ಷದ ಮಗುವಿಗೆ ಪುಸ್ತಕದಲ್ಲಿ ಹೇಳಿದರೆ ಅದು ಪರೀಕ್ಷೆಯ ಉತ್ತರವಾಗುತ್ತದೆ. ಬೆಳಗ್ಗೆ ಬಸವನ ಬಳಿ ಮೂಲವನ್ನು ತೋರಿಸಿ, ಮಧ್ಯಾಹ್ನ ಸೇತುವೆಯ ಮೇಲೆ ನಿಲ್ಲಿಸಿದರೆ, ಆ ಮಗುವೇ ಒಂದು ಪ್ರಶ್ನೆಯನ್ನು ಕೇಳುತ್ತದೆ: "ಇದನ್ನು ಯಾರು ಹೀಗೆ ಮಾಡಿದರು?" ಆ ಪ್ರಶ್ನೆಗೆ ಉತ್ತರ ಕೊಡುವುದು ತಂದೆತಾಯಿಗಳಿಗೆ ಕಷ್ಟ. ಆದರೆ ಅದನ್ನು ಕೇಳುವವರೇ ಇಲ್ಲವಾದಾಗ ಹೊಳೆಗೆ ಆಗುವ ಕಷ್ಟ ಇನ್ನೂ ಹೆಚ್ಚಿನದು. ಚರಂಡಿಯೆಂದು ಕರೆದುದಕ್ಕೆ ಯಾರೂ ಮರುಗುವುದಿಲ್ಲ. ಹೊಳೆಯೆಂದು ಬಲ್ಲವರು ಮಾತ್ರ ಅದು ಮತ್ತೆ ಹೊಳೆಯಾಗಲೆಂದು ಬಯಸಬಲ್ಲರು.

ಎರಡನೆಯ ನಡಿಗೆ ಹೊಳೆ ಹರಿಯುವ ಕಡೆಗೆ, ಪಶ್ಚಿಮಕ್ಕೆ. ದೀಪಾಂಜಲಿ ನಗರಕ್ಕೆ 2015ರಲ್ಲಿಯೇ ಮೆಟ್ರೋ ರೈಲು ಬಂದಿತು. 2021ರಲ್ಲಿ ಅದು ಕೆಂಗೇರಿಯವರೆಗೂ ಬೆಳೆಯಿತು. ನಾಲ್ಕು ನಿಲ್ದಾಣಗಳಾಚೆ ಜ್ಞಾನಭಾರತಿಯಲ್ಲಿ ಇಳಿಯಬೇಕು. ಬೆಂಗಳೂರು ವಿಶ್ವವಿದ್ಯಾನಿಲಯ 1964ರಲ್ಲಿ ಸ್ಥಾಪಿತವಾಗಿ, 1973ರಲ್ಲಿ ಈ ಆವರಣಕ್ಕೆ ಬಂದಿತು. ಸುಮಾರು 1,100 ಎಕರೆಗಳ ಈ ನೆಲದಲ್ಲಿ ಮರಗಳನ್ನು ಬೆಳೆಸಿ, ಜೈವಿಕ ಉದ್ಯಾನವನ್ನು ಮಾಡಿ, ಮಳೆಯ ತೊರೆಗಳಿಗೆ ಅಡ್ಡಲಾಗಿ ಸಣ್ಣ ತಡೆಗಟ್ಟೆಗಳನ್ನು ಕಟ್ಟಿದ್ದಾರೆ. ಒಳಹೋಗುವ ಹೊತ್ತನ್ನೂ ನಿಯಮಗಳನ್ನೂ ಮುಂಚೆಯೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಇಲ್ಲಿ ಏನನ್ನು ನೋಡಬೇಕೆಂದರೆ, ದೊಡ್ಡದನ್ನೇನೂ ಹುಡುಕಬಾರದು. ಗಿಡದ ಮೇಲೆ ನಾಲ್ಕಾರು ಹಸಿಯ ಎಲೆಗಳು ಸೇರಿ ಚೆಂಡಾಗಿದ್ದರೆ ಅದು ಚಗಳಿ ಇರುವೆಗಳ ಮನೆ. ದೊಡ್ಡ ಇರುವೆಗಳು ಎಲೆಯ ಅಂಚುಗಳನ್ನು ಎಳೆದು ಹಿಡಿದಿರುವಾಗ, ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು, ಅವುಗಳಿಂದ ಬರುವ ರೇಷ್ಮೆಯ ನೂಲಿನಿಂದ ಹೊಲಿಗೆ ಹಾಕುತ್ತವೆ. ತೊಟ್ಟಿಲ ಕೂಸನ್ನೇ ಸೂಜಿದಾರವಾಗಿ ಬಳಸುವ ದರ್ಜಿ ಬೇರೆಲ್ಲಿದ್ದಾನು? ದಾರಿಯ ಬದಿಯ ಹುತ್ತವನ್ನು ಕಟ್ಟಿದವರು ಗೆದ್ದಲುಗಳು. ಹಾವು ಅಲ್ಲಿ ಬಾಡಿಗೆ ಕೊಡದ ಒಕ್ಕಲು. ನೀರಿದ್ದ ಕಡೆ ಮಿಂಚುಳ್ಳಿ, ತಂತಿಯ ಮೇಲೆ ಕಾಜಾಣ, ಪೊದೆಯಲ್ಲಿ ಕೆಂಬೂತ, ಬಯಲಿನಲ್ಲಿ ಟಿಟ್ಟಿಭ, ಎಲ್ಲೋ ದೂರದಲ್ಲಿ ನವಿಲಿನ ಕೂಗು. ಮಾಘ ಫಾಲ್ಗುಣಗಳಲ್ಲಿ ಮುತ್ತುಗ ಎಲೆಯುದುರಿಸಿ ಕೆಂಡದಂತೆ ಹೂ ಬಿಡುತ್ತದೆ. ಅದರ ಬೆನ್ನಿಗೇ ಹೊಂಗೆಯ ಕೆಳಗೆ ನಸುಗೆಂಪು ಹೂವಿನ ಹಾಸು ಬೀಳುತ್ತದೆ.

ಹೆಸರು ತಿಳಿದ ಗಿಡ ಹೆಸರಿಲ್ಲದ ಗಿಡಕ್ಕಿಂತ ಬೇಗ ಪರಿಚಿತವಾಗುತ್ತದೆ. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು 'ಹಸುರು ಹೊನ್ನು' ಎಂಬ ಗ್ರಂಥವನ್ನಾಗಿ ಮಾಡಿದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಗಿಡಗಳ ಸುದ್ದಿಯನ್ನು ನಗುನಗುತ್ತಲೇ ಹೇಳಬಹುದೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಪ್ರತಿಯೊಂದು ನಡಿಗೆಯಲ್ಲಿಯೂ ಮನೆಯವರೆಲ್ಲ ಸೇರಿ ಮೂರು ಗಿಡ, ಮೂರು ಹಕ್ಕಿಗಳನ್ನು ಕಲಿತರೆ ಸಾಕು. ವರ್ಷದ ಕೊನೆಗೆ ಮಗುವಿಗೆ ತಂದೆಯನ್ನು ತಿದ್ದುವಷ್ಟು ವಿದ್ಯೆ ಬಂದಿರುತ್ತದೆ.

ಮೂರನೆಯ ನಡಿಗೆ ಇಡೀ ದಿನದ್ದು. ಮೈಸೂರಿಗೆ 1882ರಿಂದ ಓಡುತ್ತಿರುವ ರೈಲುದಾರಿ ಕೆಂಗೇರಿ, ಬಿಡದಿಗಳನ್ನು ಹಾಯ್ದು ರಾಮನಗರಕ್ಕೆ ಒಯ್ಯುತ್ತದೆ. ಅಲ್ಲಿಯ ರಾಮದೇವರ ಬೆಟ್ಟಕ್ಕೆ ಮೆಟ್ಟಿಲುಗಳಿವೆ. ಆದುದರಿಂದ ವಯಸ್ಸಾದವರೂ ಅಲ್ಲಲ್ಲಿ ಕುಳಿತು ಏರಬಹುದು. ಇಲ್ಲಿಯ ಕಲ್ಲು ಬಸವನಗುಡಿಯದಲ್ಲ. ಇದು ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆಯಾದುದರಿಂದ, ಉತ್ತರ ದಕ್ಷಿಣವಾಗಿ ಹಬ್ಬಿರುವ ಈ ಶಿಲೆಯ ಪಟ್ಟಿಗೆಲ್ಲ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಾಯಿತು. ಮಾಗಡಿಯ ಸಾವನದುರ್ಗವೂ ಇದೇ ಮನೆತನದ್ದು. ಪಟ್ಟೆಗಳ ಬದಲಾಗಿ ಇಲ್ಲಿ ನಸುಗೆಂಪು ಹರಳುಗಳು ಕಾಣುತ್ತವೆ. ಮೇಲಿನ ಭಾರ ಯುಗಯುಗಗಳಲ್ಲಿ ಸವೆದು ಹೋದಂತೆ ಬಂಡೆ ಈರುಳ್ಳಿಯ ಹಾಗೆ ಪದರ ಕಳಚುತ್ತದೆ. ಈ ಬೆಟ್ಟಗಳ ಗುಂಡನೆಯ ಬೋಳುತಲೆಗಳಿಗೆ ಅದೇ ಕಾರಣ.

ಆ ಬಂಡೆಗಳ ಸಂದುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದುದರಿಂದ ಸರ್ಕಾರ 2012ರಲ್ಲಿ ಸುಮಾರು 346 ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. 1990ರ ದಶಕದಿಂದ ದೇಶದಲ್ಲೆಲ್ಲ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನಾಶವಾದವು. ಬೇಟೆಗಾರರು ಇದಕ್ಕೆ ಕಾರಣರಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸಿತು. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಒಂದು ಹಟ್ಟಿಯಲ್ಲಿ ಕರುಣೆಯಿಂದ ಕೊಟ್ಟ ಮದ್ದು ಒಂದು ಬೆಟ್ಟದ ಹಕ್ಕಿಯನ್ನು ಕೊಂದ ಕಥೆ ಇದು. ಸೇತುವೆಯ ಮೇಲೆ ಕಲಿತ ಪಾಠವೇ ಬೆಟ್ಟದ ಮೇಲೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ: ನಾವು ಮಾಡಿದುದು ನಮ್ಮ ಕಣ್ಣಿಗೆ ಕಾಣದ ಕಡೆ ಹೋಗಿ ಮುಟ್ಟುತ್ತದೆ.

ಇನ್ನು ನಡೆಯುವ ಕ್ರಮವನ್ನು ಕುರಿತು ನಾಲ್ಕು ಮಾತು. ನಡಿಗೆಯ ವೇಗವನ್ನು ಗೊತ್ತುಮಾಡತಕ್ಕವರು ಅತ್ಯಂತ ಚಿಕ್ಕ ಕಾಲಿನವರು. ಸಣ್ಣ ಮಕ್ಕಳೊಡನೆ ಗಂಟೆಗೆ ಎರಡು ಕಿಲೋಮೀಟರು ಸಾಗಿದರೆ ಅದೇ ಹೆಚ್ಚು. ಅವರು ನಿಂತ ಕಡೆ ನಾವೂ ನಿಲ್ಲಬೇಕು. ಏಕೆಂದರೆ ನೋಡತಕ್ಕದ್ದು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಬೆಳಗ್ಗೆ ಆರೂವರೆಗೆ ಹೊರಟು, ಬಿಸಿಲೇರುವ ಮೊದಲು ನೆರಳನ್ನು ಸೇರಬೇಕು. ಕಾರ್ತಿಕದಿಂದ ಮಾಘದವರೆಗೆ ಅತ್ಯುತ್ತಮವಾದ ಕಾಲ. ಚೈತ್ರ ವೈಶಾಖಗಳಲ್ಲಿ ಮಧ್ಯಾಹ್ನದ ಗುಡುಗು ಕೇಳಿಸಿತೆಂದರೆ ಬೋಳುಬಂಡೆಯನ್ನೂ ಒಂಟಿಮರವನ್ನೂ ಕೂಡಲೇ ಬಿಡತಕ್ಕದ್ದು. ಒಬ್ಬೊಬ್ಬರಿಗೂ ಒಂದೊಂದು ಲೀಟರಿಗೆ ಕಡಮೆಯಿಲ್ಲದಂತೆ ನೀರು, ತಲೆಗೆ ಟೋಪಿ, ಕಾಲಿಗೆ ಹಿಡಿತವುಳ್ಳ ಪಾದರಕ್ಷೆ ಇರಬೇಕು. ಬುತ್ತಿಗೆ ಪುಳಿಯೋಗರೆ, ಚಪಾತಿ, ಸೌತೆಕಾಯಿ ಸಾಕು. ಅಡುಗೆಯ ಆಡಂಬರ ಹೆಚ್ಚಾದರೆ ಮನೆಯ ಹೆಂಗಸರಿಗೆ ರಜವಿಲ್ಲದ ಭಾನುವಾರ ಇನ್ನೊಂದಾಯಿತು. ಕಲ್ಲು ತೆಗೆದ ಹಳ್ಳಗಳಲ್ಲಿ ನಿಂತ ನೀರಿಗೆ ಯಾರೂ ಇಳಿಯಕೂಡದು. ಅದರ ಆಳ ಮೇಲಿನಿಂದ ತಿಳಿಯುವುದಿಲ್ಲ. ಬಂಡೆಯ ಜೇನಿನ ಹತ್ತಿರ ಹೊಗೆ, ಗದ್ದಲ ಬೇಡ. ಪಾಟಿನ ಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಡುವುದು ಹಕ್ಕಿಗಳಿಗೂ ಹಿತ, ಕಿವಿಗಳಿಗೂ ಹಿತ. ತೆಗೆದುಕೊಂಡು ಹೋದ ಕಾಗದ, ಪ್ಲಾಸ್ಟಿಕ್ ಎಲ್ಲವೂ ಅದೇ ಚೀಲದಲ್ಲಿ ಮನೆಗೆ ಹಿಂದಿರುಗಬೇಕು.

ಇದರಿಂದ ಲಾಭವೇನೆಂದು ಕೇಳುವವರಿಗೆ ವೈದ್ಯರ ಮಾತೊಂದನ್ನು ಹೇಳಬಹುದು. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ಕಣ್ಣಿನ ದೋಷ ಬರುವುದು ಕಡಮೆಯೆಂದು ಅನೇಕ ದೇಶಗಳ ಪರೀಕ್ಷೆಗಳಿಂದ ತಿಳಿದುಬಂದಿದೆ. ಇದು ದೇಹದ ಕಣ್ಣಿನ ಮಾತು. ಮನಸ್ಸಿನ ಕಣ್ಣಿಗೂ ಇದೇ ನ್ಯಾಯ ಸಲ್ಲುತ್ತದೆಂದು ನಮ್ಮ ನಂಬಿಕೆ. ಜೋಗವನ್ನು ಕಂಡವರು ಅದನ್ನು ಹೊಗಳಿ ಹಿಂದಿರುಗುತ್ತಾರೆ. ಅಲ್ಲಿ ಅವರು ಅತಿಥಿಗಳು. ತಮ್ಮ ಮನೆಯ ಮುಂದಿನ ಹೊಳೆಯ ಹುಟ್ಟನ್ನೂ ಹಾದಿಯನ್ನೂ ನಡೆದು ಬಲ್ಲವರಾದರೋ ಅಲ್ಲಿಯ ಒಕ್ಕಲುಗಳು. ಅದರ ಸುಖದುಃಖಗಳು ಅವರವೂ ಆಗುತ್ತವೆ.

ಮುಂದಿನ ಭಾನುವಾರ ಬೆಳಗ್ಗೆ ಮಳೆಯಿಲ್ಲದಿದ್ದರೆ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು ಒಂದು ಚೊಂಬು ನೀರು ಸುರಿಯಿರಿ. ಅದು ಯಾವ ಕಡೆಗೆ ಹರಿಯಿತೆಂದು ಅವರೇ ತೋರಿಸಲಿ. ಆಮೇಲೆ ಬಾಗಿಲಿಗೆ ಬೀಗ ಹಾಕಿ, ಆ ಕಡೆಗೆ ಹೊರಡಬಹುದು.